ಅಂಗಾಲಿನ ಹುಣ್ಣು 11 ವಾರವಾದರೂ ಮುಚ್ಚುತ್ತಿಲ್ಲ: ಆಕ್ಸಿಜನ್ ಚೇಂಬರ್‌ಗೆ ಮೊದಲು ಏನೇನು ನೋಡಬೇಕು?

ಪ್ರಶ್ನೆ: ಮನೆಭೇಟಿ_ನರ್ಸ್

ಎಲ್ಲರಿಗೂ ನಮಸ್ಕಾರ. ಮನೆಗೆ ಹೋಗಿ ಡ್ರೆಸ್ಸಿಂಗ್ ಮಾಡುವ ಒಂದು ಕೇಸಿನ ವಿವರ ಕೊಡುತ್ತಿದ್ದೇನೆ, ಅನುಭವಸ್ಥರು ದಾರಿ ಹೇಳಿ.

58 ವರ್ಷದ ಗಂಡಸು, ಶುಗರ್ ಬಂದು 14 ವರ್ಷ. ಎಡಗಾಲಿನ ಹೆಬ್ಬೆರಳಿನ ಬುಡದಲ್ಲಿ, ನೆಲಕ್ಕೆ ಊರುವ ಉಬ್ಬಿನ ಮೇಲೆಯೇ ಹುಣ್ಣು. ಇವತ್ತಿನ ಅಳತೆ 2.4 × 1.8 ಸೆಂ.ಮೀ., ಆಳ 4 ಮಿ.ಮೀ. ನಾಲ್ಕು ವಾರದ ಹಿಂದೆ 2.6 × 1.9 ಇತ್ತು. ಸುತ್ತ ಬಿಳಿ ದಡ್ಡು ಗಟ್ಟಿಯಾಗಿ ಕಟ್ಟಿಕೊಂಡಿದೆ, ತಳ ನಸುಗೆಂಪು, ಮೇಲೊಂದು ತೆಳು ಹಳದಿ ಪೊರೆ. ವಾಸನೆ ಇಲ್ಲ, ಸುತ್ತ ಕೆಂಪಿಲ್ಲ. ನೋವೂ ಇಲ್ಲ, 10 ಗ್ರಾಂ ಮೊನೊಫಿಲಮೆಂಟ್ (ಸ್ಪರ್ಶ ಪರೀಕ್ಷೆಯ ನೈಲಾನ್ ಎಳೆ) ಒತ್ತಿದರೆ ಎಲ್ಲೂ ಗೊತ್ತಾಗುತ್ತಿಲ್ಲ.

ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್) 8.6. ಕಿಡ್ನಿ ಸರಿ ಇದೆ. ಎಬಿಐ (ಕಣಕಾಲು ಮತ್ತು ತೋಳಿನ ರಕ್ತದೊತ್ತಡದ ಅನುಪಾತ) ಎಡಗಾಲಿಗೆ 1.42, ರಿಪೋರ್ಟಿನಲ್ಲಿ "ರಕ್ತಸಂಚಾರ ಚೆನ್ನಾಗಿದೆ" ಎಂದಿದೆ. ಎಕ್ಸ್‌ರೇ ಎರಡನೇ ವಾರದಲ್ಲಿ ತೆಗೆದದ್ದು, ಮೂಳೆ ಸರಿ ಎಂದು ಬಂದಿತ್ತು. ಮೂರು ಸಲ ಸ್ವಾಬ್ ಕಲ್ಚರ್, ಮೂರು ಸಲವೂ ಬೇರೆ ಬೇರೆ ಕ್ರಿಮಿ, ಪ್ರತಿ ಸಲ ಏಳು ದಿನ ಆಂಟಿಬಯೋಟಿಕ್. ದಿನಾ ಪೊವಿಡೋನ್ ಅಯೋಡಿನ್ ಹಾಕಿ ದಪ್ಪ ಗಾಜ್ ಕಟ್ಟುತ್ತಿದ್ದೇವೆ. ಕಾಲಿಗೆ ಮೆತ್ತನೆಯ ಚಪ್ಪಲಿ.

ಈಗ 30 ಸಿಟ್ಟಿಂಗ್ ಹೈಪರ್‌ಬ್ಯಾರಿಕ್ ಆಕ್ಸಿಜನ್ (ಹೆಚ್ಚು ಒತ್ತಡದ ಚೇಂಬರಿನಲ್ಲಿ ಕೂರಿಸಿ ಆಕ್ಸಿಜನ್ ಕೊಡುವುದು), ಜೊತೆಗೆ ಪಿಆರ್‌ಪಿ (ರೋಗಿಯ ರಕ್ತದಿಂದಲೇ ತೆಗೆದ, ಪ್ಲೇಟ್‌ಲೆಟ್ ಹೆಚ್ಚಿರುವ ದ್ರವ) ಮಾಡಿಸಿ ಎಂಬ ಸಲಹೆ ಬಂದಿದೆ. ವ್ಯಾಕ್ಯೂಮ್ ಡ್ರೆಸ್ಸಿಂಗ್ (ಹುಣ್ಣಿನ ಮೇಲೆ ಫೋಮ್ ಇಟ್ಟು ಮೆಷಿನ್ನಿನಿಂದ ಹೀರುವುದು) ಕೂಡ ಆಗಬಹುದು ಎಂದಿದ್ದಾರೆ. ಮನೆಯವರು ಯಾವುದಕ್ಕೂ ತಯಾರು. ಯಾವುದು ಮೊದಲು, ಯಾವುದು ಬೇಡ?

ಉತ್ತರ 1: ನಾಳ_ಡಾಕ್ಟರ್

ಎಬಿಐ 1.42 ನಾರ್ಮಲ್ ಅಲ್ಲ. ಆ ರಿಪೋರ್ಟಿನ ಷರಾ ತಪ್ಪು.

ಕಣಕಾಲಿನ ಒತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಸಿಗುವುದು ಎಬಿಐ. 0.9ರಿಂದ 1.3ರವರೆಗೆ ಇದ್ದರೆ ಸಾಮಾನ್ಯವಾಗಿ ನೆಮ್ಮದಿ. ಬಹಳ ವರ್ಷದ ಶುಗರ್ ಇರುವವರಲ್ಲಿ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಅದು ಕೊಳವೆಯ ಹಾಗೆ ಗಟ್ಟಿಯಾಗುತ್ತದೆ. ಬಿಪಿ ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕುವುದಿಲ್ಲ, ಹಾಗಾಗಿ ಅಂಕಿ ಮೇಲೇರುತ್ತದೆ. ಅಂದರೆ 1.4 ದಾಟಿದ ಎಬಿಐ ರಕ್ತ ಹರಿಯುತ್ತಿದೆ ಎಂದು ಹೇಳುತ್ತಿಲ್ಲ, "ನನ್ನನ್ನು ನಂಬಬೇಡ" ಎಂದು ಹೇಳುತ್ತಿದೆ. ಕೆಳಗೆ ನಾಳ ಮುಚ್ಚಿಕೊಂಡಿದ್ದರೂ ಇದೇ ಅಂಕಿ ಬರಬಹುದು.

ಕಾಲ್ಬೆರಳಿನ ಸಣ್ಣ ನಾಳಗಳಲ್ಲಿ ಸುಣ್ಣ ಅಷ್ಟಾಗಿ ಕಟ್ಟುವುದಿಲ್ಲ. ಆದ್ದರಿಂದ ಹೆಬ್ಬೆರಳಿಗೆ ಪುಟ್ಟ ಪಟ್ಟಿ ಹಾಕಿ ಅಲ್ಲಿನ ಒತ್ತಡ ಅಳೆಸಿ. 60 ಮಿ.ಮೀ. ಪಾದರಸ ಅಥವಾ ಮೇಲೆ ಬಂದರೆ ರಕ್ತದ ಕಡೆಯಿಂದ ಹುಣ್ಣಿಗೆ ಅಡ್ಡಿ ಇಲ್ಲ ಎಂದುಕೊಳ್ಳಬಹುದು. 30ಕ್ಕಿಂತ ಕಡಿಮೆ ಬಂದರೆ ಬೇರೆ ಎಲ್ಲವನ್ನೂ ಬದಿಗಿಟ್ಟು ನಾಳ ತೆರೆಸುವ ಮಾತು: ಆಂಜಿಯೋಗ್ರಾಂ, ಬಲೂನ್ ಅಥವಾ ಬೈಪಾಸ್. ನಡುವೆ ಬಂದರೆ ಡಾಪ್ಲರ್ ಅಲೆಯ ಆಕಾರವನ್ನೂ ಸೇರಿಸಿ ನೋಡಬೇಕು. ಮೂರು ಏರಿಳಿತದ ಅಲೆ ಇದ್ದರೆ ಒಳ್ಳೆಯದು, ಒಂದೇ ಚಪ್ಪಟೆ ಗುಡ್ಡ ಇದ್ದರೆ ಮೇಲೆಲ್ಲೋ ಕಟ್ಟಿಕೊಂಡಿದೆ.

ಈ ಒಂದು ಅಂಕಿ ಇಲ್ಲದೆ ಚೇಂಬರ್ ಬೇಕೋ ಬೇಡವೋ ಎಂದು ಯಾರೂ ಹೇಳಲಾಗದು. ಬೆರಳಿನ ಒತ್ತಡ ಅಳೆಯುವುದಕ್ಕೆ ಹತ್ತು ನಿಮಿಷ ಸಾಕು.

ಉತ್ತರ 2: ಹೆಜ್ಜೆಭಾರ

ರಕ್ತದ ಮಾತು ಡಾಕ್ಟರ್ ಹೇಳಿದ್ದಾರೆ. ನಾನು ನಿಮ್ಮ ಪ್ರಶ್ನೆಯಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋದ "ಮೆತ್ತನೆಯ ಚಪ್ಪಲಿ"ಗೆ ಬರುತ್ತೇನೆ. ಈ ಹುಣ್ಣು ಮುಚ್ಚದಿರುವುದಕ್ಕೆ ನನ್ನ ಅಂದಾಜಿನಲ್ಲಿ ಅದೇ ಮೊದಲ ಕಾರಣ.

ನಿಮ್ಮ ಅಳತೆಯನ್ನೇ ಗುಣಿಸಿ ನೋಡಿ. ಆಗ 4.94 ಚದರ ಸೆಂ.ಮೀ., ಈಗ 4.32. ನಾಲ್ಕು ವಾರದಲ್ಲಿ ಇಳಿದದ್ದು ನೂರಕ್ಕೆ 12–13. ನಾಲ್ಕು ವಾರದಲ್ಲಿ ಅರ್ಧದಷ್ಟಾದರೂ ಕುಗ್ಗದ ಪಾದದ ಹುಣ್ಣು ಅದೇ ಚಿಕಿತ್ಸೆಯಲ್ಲಿ 12 ವಾರಕ್ಕೆ ಮುಚ್ಚುವುದು ತೀರಾ ಅಪರೂಪ. ಹಾಗಾಗಿ ಇದೇ ಡ್ರೆಸ್ಸಿಂಗನ್ನು ಇನ್ನೊಂದು ತಿಂಗಳು ನೋಡೋಣ ಎನ್ನುವುದರಲ್ಲಿ ಅರ್ಥವಿಲ್ಲ.

ಸುತ್ತ ಕಟ್ಟಿದ ಬಿಳಿ ದಡ್ಡು ಏನು ಹೇಳುತ್ತಿದೆ? ಆ ಜಾಗದ ಮೇಲೆ ಇವತ್ತಿಗೂ ಭಾರ ಬೀಳುತ್ತಿದೆ ಎಂದು. ಕಾಲು ಊರದ ಜಾಗದಲ್ಲಿ ದಡ್ಡು ಕಟ್ಟುವುದಿಲ್ಲ. ದಡ್ಡು ತಾನೇ ಒಂದು ಕಲ್ಲಿನ ಹಾಗೆ ಕೂತು ಒತ್ತಡವನ್ನು ಇನ್ನಷ್ಟು ಏರಿಸುತ್ತದೆ. ಒಳಗೆ ಹುಣ್ಣು ದೊಡ್ಡದಿದ್ದು ಮೇಲೆ ದಡ್ಡಿನ ಮುಚ್ಚಳ ಇರುವುದೂ ಉಂಟು. ಕೆರೆದು ತೆಗೆದ ಮೇಲೇ ನಿಜವಾದ ಅಳತೆ. ಬ್ಲೇಡ್ ಹಿಡಿಯಲು ತರಬೇತಾದವರಿಂದ, ರಕ್ತಸಂಚಾರ ಖಚಿತವಾದ ಮೇಲೆ, ಅಂಚು ಚರ್ಮದ ಮಟ್ಟಕ್ಕೆ ಬಂದು ಸಣ್ಣಗೆ ರಕ್ತ ಜಿನುಗುವವರೆಗೆ ತೆಗೆಸಬೇಕು. ಒಂದು ಸಲಕ್ಕೆ ಮುಗಿಯುವುದಲ್ಲ, ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ.

ಇನ್ನು ಭಾರ ಇಳಿಸುವ ವಿಚಾರ. ಅಂಗಾಲಿನ ಮುಂಭಾಗದ ಹುಣ್ಣಿಗೆ ಮೊದಲ ಆಯ್ಕೆ ಮೊಣಕಾಲಿನ ಕೆಳಗಿನವರೆಗೆ ಬರುವ, ರೋಗಿ ಬಿಚ್ಚಲಾಗದ ಸಾಧನ: ಟೋಟಲ್ ಕಾಂಟ್ಯಾಕ್ಟ್ ಕಾಸ್ಟ್ (ಕಾಲಿನ ಆಕಾರಕ್ಕೇ ಅಂಟಿ ಕೂರುವ ಪ್ಲಾಸ್ಟರ್) ಅಥವಾ ಬಿಚ್ಚದಂತೆ ಕಟ್ಟಿದ ವಾಕರ್ ಬೂಟು. ಕುಷ್ಠರೋಗಿಗಳ ಅಂಗಾಲಿನ ಹುಣ್ಣಿಗೆ ಬಳಸುತ್ತಿದ್ದ ಪ್ಲಾಸ್ಟರೇ ಶುಗರ್ ಹುಣ್ಣಿಗೆ ಬಂದದ್ದು. ಎರಡರಲ್ಲೂ ರೋಗ ಬೇರೆ, ಕಥೆ ಒಂದೇ: ಸ್ಪರ್ಶವಿಲ್ಲದ ಕಾಲು ತನ್ನ ಹುಣ್ಣಿನ ಮೇಲೆ ತಾನೇ ನಡೆಯುತ್ತದೆ. ಮೂರು ಸಾಧನಗಳನ್ನು ಹೋಲಿಸಿ 2001ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 12 ವಾರಕ್ಕೆ ಗುಣವಾದವರು ಕಾಸ್ಟಿನಲ್ಲಿ ನೂರಕ್ಕೆ 90ರ ಹತ್ತಿರ, ಬಿಚ್ಚಬಹುದಾದ ಬೂಟಿನಲ್ಲಿ 65, ಅರ್ಧ ಚಪ್ಪಲಿಯಲ್ಲಿ 58.

ಬೂಟು ಅದೇ ಆದರೂ ಬಿಚ್ಚುವಂತಿದ್ದರೆ ಯಾಕೆ ಸೋಲುತ್ತದೆ? ಹೆಜ್ಜೆ ಎಣಿಸಿ ನೋಡಿದಾಗ ರೋಗಿಗಳು ದಿನದ ಹೆಜ್ಜೆಗಳಲ್ಲಿ ಮೂರನೇ ಒಂದು ಭಾಗವನ್ನೂ ಬೂಟು ಹಾಕಿಕೊಂಡು ಇಟ್ಟಿರಲಿಲ್ಲ. ಹೊರಗೆ ಹೋಗುವಾಗ ಹಾಕುತ್ತಾರೆ. ಮನೆಯೊಳಗೆ ಬಚ್ಚಲಿಗೆ, ಅಡುಗೆಮನೆಗೆ, ರಾತ್ರಿ ಎದ್ದಾಗ ಬರಿಗಾಲು. ನೋವಿಲ್ಲದ ಕಾಲು ನೆನಪಿಸುವುದಿಲ್ಲ. ಇದರಲ್ಲಿ ರೋಗಿಯನ್ನು ಬೈದು ಪ್ರಯೋಜನವಿಲ್ಲ, ಬಿಚ್ಚಲಾಗದಂತೆ ಕಟ್ಟುವುದೇ ಉಪಾಯ. ವಾಕರ್ ಬೂಟಿನ ಮೇಲೆ ತನಗೆ ತಾನೇ ಅಂಟುವ ಬ್ಯಾಂಡೇಜ್ ಒಂದು ಸುತ್ತಿದರೂ ಕೆಲಸ ನಡೆಯುತ್ತದೆ. ಪ್ಲಾಸ್ಟರ್ ಕಲೆ ಗೊತ್ತಿಲ್ಲದ ಕಡೆ ಇದೇ ಸುಲಭ.

ಕಾಸ್ಟ್ ಹಾಕುವಾಗ ಗಮನಿಸಬೇಕಾದ್ದು: ರೋಗಿ ಬೋರಲು ಮಲಗಿ ಮೊಣಕಾಲು ಮಡಿಚಿರಬೇಕು, ಕಣಕಾಲು ನೇರ 90 ಡಿಗ್ರಿ. ಬೆರಳುಗಳ ಸಂದಿಗೆ ಹತ್ತಿ. ಕಣಕಾಲಿನ ಎರಡು ಗಂಟುಗಳು ಮತ್ತು ಮೊಣಕಾಲಿನ ಕೆಳಗೆ ಮುಂದಿರುವ ಮೂಳೆಯ ಅಂಚಿಗೆ ಫೆಲ್ಟ್ ಪಟ್ಟಿ. ಆಮೇಲೆ ಒಳಪದರವನ್ನು ಅಂಗೈಯಿಂದ ಕಾಲಿನ ಆಕಾರಕ್ಕೇ ಒತ್ತಿ ಕೂರಿಸಬೇಕು, ಬೆರಳ ತುದಿಯಿಂದ ಒತ್ತಿದರೆ ಗುಳಿ ಬಿದ್ದು ಅಲ್ಲೇ ಹೊಸ ಹುಣ್ಣು. ಮೊದಲ ಕಾಸ್ಟನ್ನು 48–72 ಗಂಟೆಯೊಳಗೆ ಬದಲಿಸಬೇಕು. ಊತ ಇಳಿದು ಕಾಸ್ಟ್ ಸಡಿಲವಾಗಿರುತ್ತದೆ, ಕಾಲು ಒಳಗೆ ಮೇಲೆ ಕೆಳಗೆ ಜಾರಿ ಕಣಕಾಲಿನ ಗಂಟು ಉಜ್ಜಿಹೋಗುತ್ತದೆ. ಆಮೇಲೆ ವಾರಕ್ಕೊಂದು. ಸರಿಯಾಗಿ ಹಾಕಿದರೆ ಇಂಥ ಹುಣ್ಣು ಸಾಮಾನ್ಯವಾಗಿ 6–8 ವಾರದಲ್ಲಿ ಮುಚ್ಚುತ್ತದೆ.

ಇನ್ನೊಂದು ಕಾಲಿನ ಚಪ್ಪಲಿಯನ್ನೂ ಅಷ್ಟೇ ಎತ್ತರ ಮಾಡಿಸಿ. ಇಲ್ಲದಿದ್ದರೆ ಸೊಂಟ ವಾಲಿ ಬೀಳುತ್ತಾರೆ, ಬೀಳದಿದ್ದರೂ ಬೇಸತ್ತು ಬಿಚ್ಚಿ ಎನ್ನುತ್ತಾರೆ.

ಮಾಡಬಾರದ್ದು ಎರಡು. ಹುಣ್ಣಿನ ಸುತ್ತ ಉಂಗುರದಂತಹ ಪ್ಯಾಡ್ ಇಡಬೇಡಿ, ಉಂಗುರದ ಅಂಚೇ ಒತ್ತಿ ನಡುವಿನ ಮಾಂಸ ಬಾತುಕೊಳ್ಳುತ್ತದೆ. ಹುಣ್ಣಿನ ಕೆಳಗೆ ದಪ್ಪ ಗಾಜ್ ಮಡಿಕೆಯೂ ಬೇಡ. ಮೆತ್ತಗಿರಲಿ ಎಂದು ಇಟ್ಟದ್ದು ಒದ್ದೆಯಾಗಿ ಉಂಡೆಗಟ್ಟಿ ಚಪ್ಪಲಿಯಲ್ಲಿ ಕಲ್ಲು ಸಿಕ್ಕಿಕೊಂಡ ಹಾಗಾಗುತ್ತದೆ.

ಉತ್ತರ 3: ಗಾಯದಾರಿ

ಹೆಜ್ಜೆಭಾರ ಸರ್ ಹೇಳಿದ್ದಕ್ಕೆ ಪೂರ್ತಿ ಒಪ್ಪಿಗೆ, ಒಂದು ತಿದ್ದುಪಡಿಯೊಂದಿಗೆ: ಮೂಳೆಯ ವಿಷಯ ತೀರ್ಮಾನವಾಗುವ ಮೊದಲು ಬಿಚ್ಚಲಾಗದ ಕಾಸ್ಟ್ ಹಾಕಬೇಡಿ. ಒಳಗೆ ಸೋಂಕು ಇದ್ದರೆ ಒಂದು ವಾರ ಯಾರ ಕಣ್ಣಿಗೂ ಬೀಳುವುದಿಲ್ಲ.

ಎಕ್ಸ್‌ರೇ ಎರಡನೇ ವಾರದ್ದು ಎಂದಿರಿ. ಮೂಳೆಗೆ ಸೋಂಕು ತಗುಲಿ ಎಕ್ಸ್‌ರೇಯಲ್ಲಿ ಕಾಣುವಷ್ಟು ಸವೆಯಲು ಎರಡು ಮೂರು ವಾರ ಬೇಕೇ ಬೇಕು. ಆ ಫಿಲ್ಮ್ ಈಗ ಹಳೆಯ ಪೇಪರ್. ಮತ್ತೊಂದು ತೆಗೆಸಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಜೊತೆಗೆ ಇಎಸ್‌ಆರ್ (ಉರಿಯೂತ ತೋರುವ ರಕ್ತಪರೀಕ್ಷೆ), 70 ದಾಟಿದರೆ ಮೂಳೆಯ ಮೇಲಿನ ಅನುಮಾನ ಬಲವಾಗುತ್ತದೆ. ದಡ್ಡು ತೆಗೆದು ತೊಳೆದ ಮೇಲೆ ಮೊಂಡು ತುದಿಯ ಸ್ಟೆರೈಲ್ ಲೋಹದ ಪ್ರೋಬ್ ಅನ್ನು ನಿಧಾನಕ್ಕೆ ತಳಕ್ಕೆ ತಾಗಿಸಿ ನೋಡಿಸಿ. ಮಾಂಸಕ್ಕೆ ತಾಗಿದರೆ ಬೆರಳಿಗೆ ಮೆತ್ತಗೆ ತಿಳಿಯುತ್ತದೆ, ಮೂಳೆಗೆ ತಾಗಿದರೆ ಹಲ್ಲಿಗೆ ಚಮಚ ತಾಗಿದ ಹಾಗೆ ಟಕ್ ಎನ್ನುತ್ತದೆ. ಆಳ 4 ಮಿ.ಮೀ. ತಾನೇ ಎನ್ನಬೇಡಿ, ಆ ಜಾಗದಲ್ಲಿ ಚರ್ಮಕ್ಕೂ ಮೂಳೆಗೂ ಹೆಚ್ಚು ದೂರವಿಲ್ಲ.

ಸ್ವಾಬ್ ಬಗ್ಗೆ. ಯಾವುದೇ ತೆರೆದ ಹುಣ್ಣಿನ ಮೇಲ್ಮೈ ಒರೆಸಿದರೂ ಏನಾದರೂ ಬೆಳೆದೇ ಬೆಳೆಯುತ್ತದೆ. ಮೂರು ಸಲ ಮೂರು ಕ್ರಿಮಿ ಬಂದದ್ದಕ್ಕೆ ಕಾರಣ ಅದೇ. ಅವು ಮೇಲೆ ವಾಸ ಮಾಡುವವು. ಸೋಂಕು ಎನ್ನುವುದು ಕಣ್ಣಿನಿಂದ, ಕೈಯಿಂದ ತೀರ್ಮಾನವಾಗುವ ವಿಷಯ, ಲ್ಯಾಬಿನಿಂದ ಅಲ್ಲ. ಊತ ಅಥವಾ ಗಟ್ಟಿತನ, ಅರ್ಧ ಸೆಂ.ಮೀ. ಮೀರಿದ ಕೆಂಪು, ಬಿಸಿ, ನೋವು, ಕೀವು: ಈ ಐದರಲ್ಲಿ ಎರಡಾದರೂ ಇರಬೇಕು. ಒಂದೂ ಇಲ್ಲದ ಹುಣ್ಣಿಗೆ ಆಂಟಿಬಯೋಟಿಕ್ ಕೊಟ್ಟರೆ ಬೇಗ ಮಾಯುವುದೂ ಇಲ್ಲ, ಸೋಂಕು ತಡೆಯುವುದೂ ಇಲ್ಲ. ಮುಂದೆ ನಿಜವಾಗಿ ಬೇಕಾದಾಗ ಔಷಧಿಗೆ ಬಗ್ಗದ ಕ್ರಿಮಿ ಮಾತ್ರ ಉಳಿದಿರುತ್ತದೆ. ಕಲ್ಚರ್ ಬೇಕೇ ಬೇಕು ಎನ್ನುವಾಗ ಕೆರೆದು ತೊಳೆದ ತಳದಿಂದ ಚೂರು ಮಾಂಸ ತೆಗೆದು ಕಳಿಸಿ.

ಇನ್ನು ನೀವು ಕೇಳಿದ ಮೂರು.

ವ್ಯಾಕ್ಯೂಮ್: ಆಪರೇಷನ್ ಆಗಿ ಆಳವಾಗಿ ತೆರೆದ ಪಾದಕ್ಕೆ ಅದು ಚೆನ್ನಾಗಿ ಒದಗುತ್ತದೆ. ಈ ಹುಣ್ಣಿಗೆ ಸದ್ಯ ಬೇಡ, ಅಂಗಾಲಿನಲ್ಲಿ ಫೋಮ್ ಮತ್ತು ಟ್ಯೂಬು ಸೇರಿ ಇನ್ನೊಂದು ಒತ್ತಡ. ಮುಂದೆ ಎಂದಾದರೂ ಹಾಕುವುದಾದರೆ ಸಾಮಾನ್ಯ ಸೆಟ್ಟಿಂಗ್ ಮೈನಸ್ 125 ಮಿ.ಮೀ. ಪಾದರಸ, ಫೋಮ್ ಬದಲಾವಣೆ 48–72 ಗಂಟೆಗೆ. ಫೋಮ್ ಒಳ್ಳೆಯ ಚರ್ಮದ ಮೇಲೆ ಕೂರಬಾರದು. ಎಷ್ಟು ತುಂಡು ಒಳಗಿಟ್ಟಿರಿ ಎಂದು ಹೊರಗಿನ ಫಿಲ್ಮ್ ಮೇಲೆ ಬರೆಯಿರಿ. ಒಂದು ತುಂಡು ಒಳಗೇ ಉಳಿದರೆ ಮಾಂಸ ಅದರ ಸುತ್ತ ಬೆಳೆದುಬಿಡುತ್ತದೆ. ಕಪ್ಪು ಹಕ್ಕಳೆಯ ಮೇಲೆ, ಚಿಕಿತ್ಸೆಯಾಗದ ಮೂಳೆ ಸೋಂಕಿನ ಮೇಲೆ, ತೆರೆದ ನಾಳದ ಮೇಲೆ, ಕ್ಯಾನ್ಸರ್ ಅನುಮಾನವಿದ್ದ ಕಡೆ ಹಾಕುವಂತಿಲ್ಲ. ಡಬ್ಬಿಯಲ್ಲಿ ಕೆಂಪು ರಕ್ತ ಬೇಗ ತುಂಬಿದರೆ ಮೆಷಿನ್ ಆಫ್ ಮಾಡಿ, ಒತ್ತಿ ಹಿಡಿದು, ಆಸ್ಪತ್ರೆಗೆ.

ಚೇಂಬರ್: ರಕ್ತ ಕಡಿಮೆ ಇರುವ, ಉಳಿದ ಚಿಕಿತ್ಸೆಯೆಲ್ಲ ಸರಿಯಾಗಿ ಆಗಿಯೂ ಮಾಯದ ಹುಣ್ಣಿಗೆ ಅದನ್ನು ಯೋಚಿಸುತ್ತಾರೆ. 2ರಿಂದ 2.5 ವಾತಾವರಣದ ಒತ್ತಡ, ದಿನಕ್ಕೆ ಸುಮಾರು 90 ನಿಮಿಷ, 30–40 ಸಲ. ಮುಚ್ಚಿಹೋದ ದೊಡ್ಡ ನಾಳವನ್ನು ಅದು ತೆರೆಯುವುದಿಲ್ಲ, ಹುಣ್ಣಿನ ಮೇಲೆ ಬೀಳುವ ಭಾರವನ್ನೂ ಇಳಿಸುವುದಿಲ್ಲ. ಚೇಂಬರಿನಿಂದ ಇಳಿದು ಅದೇ ಚಪ್ಪಲಿಯಲ್ಲಿ ನಡೆದು ಮನೆಗೆ ಹೋದರೆ ಆ 90 ನಿಮಿಷದ ಲಾಭ ಗೇಟಿನವರೆಗೂ ಬರುವುದಿಲ್ಲ. ಹೋಗುವುದೇ ಆದರೆ ಪ್ರತಿ ಸಲ ಮೊದಲು ಶುಗರ್ ನೋಡಬೇಕು, ಒಳಗೆ ಇಳಿಯುವುದುಂಟು. ಕಿವಿ ಒತ್ತಡಕ್ಕೆ ನೋಯಬಹುದು, ದೃಷ್ಟಿ ಕೆಲವು ವಾರ ಮಂಜಾಗಬಹುದು. ಶ್ವಾಸಕೋಶದ ಸುತ್ತ ಗಾಳಿ ತುಂಬಿಕೊಂಡಿದ್ದರೆ, ಅದಕ್ಕೆ ಚಿಕಿತ್ಸೆ ಆಗದೆ ಕೂರಿಸಲೇಬಾರದು.

ಪಿಆರ್‌ಪಿ: ಎಲ್ಲ ಹುಣ್ಣಿಗೂ ಮಾಮೂಲಾಗಿ ಮಾಡುವುದಕ್ಕೆ ಆಧಾರ ಸಾಲದು. ರೋಗಿಯ ರಕ್ತದಿಂದಲೇ ಬಿಳಿಕಣ, ಪ್ಲೇಟ್‌ಲೆಟ್, ಫೈಬ್ರಿನ್ ಮೂರೂ ಸೇರಿದ ಪ್ಯಾಚ್ ಮಾಡಿ ಹಚ್ಚುವ ವಿಧಾನಕ್ಕೆ ಅದಕ್ಕಿಂತ ಒಳ್ಳೆಯ ಪುರಾವೆ ಇದೆ, ಅದೂ ಮೂಲ ಚಿಕಿತ್ಸೆ ಸೋತ ಮೇಲೆ. ಅದೇ ಸಾಲಿನಲ್ಲಿ ಸುಕ್ರೋಸ್ ಆಕ್ಟಾಸಲ್ಫೇಟ್ ಇರುವ ಡ್ರೆಸ್ಸಿಂಗ್ ಒಂದಿದೆ: 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 20 ವಾರಕ್ಕೆ ನೂರಕ್ಕೆ 48 ಮಂದಿಗೆ ಮುಚ್ಚಿತು, ಸಾದಾ ಡ್ರೆಸ್ಸಿಂಗಿನಲ್ಲಿ 30. ಆದರೆ ಅದು ಸೋಂಕಿಲ್ಲದ, ನರ ಮತ್ತು ರಕ್ತ ಎರಡೂ ಕುಂದಿದ ಹುಣ್ಣಿಗೆ.

ಮನೆಭೇಟಿ_ನರ್ಸ್

ಎಲ್ಲರಿಗೂ ಧನ್ಯವಾದ. ಈ ವಾರ ಆದದ್ದು: ಹೆಬ್ಬೆರಳಿನ ಒತ್ತಡ 62. ದಡ್ಡು ತೆಗೆಸಿದ ಮೇಲೆ ಹುಣ್ಣು 2.9 × 2.2 ಆಗಿದೆ, ಮನೆಯವರು ಗಾಬರಿಯಾಗಿದ್ದಾರೆ. ಪ್ರೋಬ್ ಹಾಕಿದಾಗ ಒಂದು ಮೂಲೆಯಲ್ಲಿ ಗಟ್ಟಿ ತಾಗಿತು. ಇಎಸ್‌ಆರ್ 78. ಹೊಸ ಎಕ್ಸ್‌ರೇಯಲ್ಲಿ ಮೂಳೆಯ ಅಂಚು ಒಂದು ಕಡೆ ಮಸುಕು. ಬೆರಳು ತೆಗೆಯಲೇಬೇಕಾ? ಅಲ್ಲಿಯವರೆಗೆ ಮನೆಯಲ್ಲಿ ಡ್ರೆಸ್ಸಿಂಗ್ ಹೇಗೆ?

ಉತ್ತರ 4: ನಾಳ_ಡಾಕ್ಟರ್

62 ಒಳ್ಳೆಯ ಅಂಕಿ. ನನ್ನ ಕಡೆಯಿಂದ ನಾಳ ತೆರೆಸುವ ಅಗತ್ಯ ಈಗ ಕಾಣುವುದಿಲ್ಲ, ಚೇಂಬರಿಗೂ ಕಾರಣ ಉಳಿಯಲಿಲ್ಲ.

ಉತ್ತರ 5: ಗಾಯದಾರಿ

ಹುಣ್ಣು ದೊಡ್ಡದಾಗಲಿಲ್ಲ, ಮುಚ್ಚಿಕೊಂಡಿದ್ದದ್ದು ಕಾಣಿಸಿತು ಎಂದು ಮನೆಯವರಿಗೆ ಹೇಳಿ. ಇವತ್ತಿನ ಅಳತೆಯೇ ಇನ್ನು ಮೊದಲ ಅಳತೆ, ನಾಲ್ಕು ವಾರದ ಲೆಕ್ಕ ಇಲ್ಲಿಂದ.

ಮೂಳೆಗೆ ತಾಗಿದ ಪ್ರೋಬ್, 70 ದಾಟಿದ ಇಎಸ್‌ಆರ್, ಮಸುಕಾದ ಅಂಚು: ಮೂರೂ ಒಂದೇ ಕಡೆ ಬೆರಳು ತೋರುತ್ತಿವೆ. ಇನ್ನೂ ಅನುಮಾನ ಉಳಿದರೆ ಎಂಆರ್‌ಐ. ಯಾವ ಔಷಧಿ ಎಂಬುದಕ್ಕೆ ಮೂಳೆಯ ಚೂರಿನ ಕಲ್ಚರ್ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ರೋಗಿ ಗಟ್ಟಿಯಾಗಿದ್ದರೆ ಅದಕ್ಕೆ ಮೊದಲು ಆಂಟಿಬಯೋಟಿಕ್ ಕೆಲವು ದಿನ ನಿಲ್ಲಿಸಿ ತೆಗೆಸುವುದು ಕ್ರಮ.

ಬೆರಳು ತೆಗೆಯಲೇಬೇಕು ಎಂದೇನಿಲ್ಲ. ಮುಂಪಾದದ ಮೂಳೆ ಸೋಂಕಿಗೆ, ರಕ್ತ ಚೆನ್ನಾಗಿದ್ದು ಸುತ್ತಲಿನ ಮಾಂಸ ಕೆಟ್ಟಿಲ್ಲದಿದ್ದರೆ, ಆಪರೇಷನ್ ಇಲ್ಲದೆ 6 ವಾರ ಆಂಟಿಬಯೋಟಿಕ್ ಕೊಟ್ಟು ನೋಡುವುದು ಒಪ್ಪಿತ ದಾರಿ. ಇನ್ನೊಂದು ದಾರಿ ಬೆರಳು ಉಳಿಸಿ ಕೆಟ್ಟ ಮೂಳೆಯ ಭಾಗವನ್ನಷ್ಟೇ ತೆಗೆಯುವುದು. ಆಗ ಔಷಧಿಯ ಅವಧಿ ಕಡಿಮೆಯಾಗುತ್ತದೆ, ಉಳಿದ ತುದಿಯಲ್ಲಿ ಸೋಂಕು ಸಿಕ್ಕರೂ ಸುಮಾರು ಮೂರು ವಾರ. ಆದರೆ ಹೆಬ್ಬೆರಳಿನ ಬುಡ ತೆಗೆದರೆ ಭಾರ ಪಕ್ಕದ ಎರಡನೇ ಉಬ್ಬಿಗೆ ಹೋಗುತ್ತದೆ, ಮುಂದಿನ ಹುಣ್ಣು ಅಲ್ಲಿ. ನಿರ್ಧಾರ ಪಾದದ ಸರ್ಜನ್ನರದ್ದು, ಈ ಲೆಕ್ಕವನ್ನು ಅವರ ಮುಂದಿಟ್ಟು ಕೇಳಿ.

ಡ್ರೆಸ್ಸಿಂಗ್ ಹೀಗಿರಲಿ. ಕೈ ತೊಳೆದು ಗ್ಲೌಸ್. ಹಳೆಯದು ಅಂಟಿದ್ದರೆ ಸಲೈನ್ ಹಾಕಿ ಎರಡು ನಿಮಿಷ ನೆನೆಸಿ ಬಿಡಿಸಿ. ಒಣ ಗಾಜ್ ಎಳೆದರೆ ಹೊಸ ಮಾಂಸವೂ ಜೊತೆಗೆ ಬರುತ್ತದೆ, ದಿನಾ ಆಗುತ್ತಿದ್ದದ್ದು ಅದೇ. 35 ಮಿ.ಲೀ. ಸಿರಿಂಜಿಗೆ 19 ಗೇಜ್ ಸೂಜಿ ಸಿಕ್ಕಿಸಿ ಸಲೈನ್ ಹಾಯಿಸಿದರೆ ಸುಮಾರು 8 ಪಿಎಸ್‌ಐ ಒತ್ತಡ ಬರುತ್ತದೆ. ಕೊಳೆ ಹೋಗುತ್ತದೆ, ಮಾಂಸಕ್ಕೆ ಪೆಟ್ಟಿಲ್ಲ. ಸೂಜಿಯ ತುದಿ ಹುಣ್ಣಿಗೆ ತಾಗದಿರಲಿ. ಕಾಲನ್ನು ಬಕೆಟ್‌ನಲ್ಲಿ ನೆನೆಸುವುದು ಬೇಡವೇ ಬೇಡ. ಪೊವಿಡೋನ್ ದಿನಾ ಸುರಿಯುವುದನ್ನು ನಿಲ್ಲಿಸಿ, ಹೊಸ ಕೋಶಗಳಿಗೂ ಅದು ಕಹಿಯೇ. ಹಾಗೆಂದು ಅದನ್ನು ವಿಷ ಎನ್ನಲಾರೆ: ರಕ್ತವಿಲ್ಲದೆ ಒಣಗಿ ಕಪ್ಪಾದ ಬೆರಳನ್ನು ಒಣಗಿಸಿಯೇ ಇಡಲು ಅದೇ ಸರಿ. ಈ ಹುಣ್ಣು ಆ ಜಾತಿಯದ್ದಲ್ಲ.

ರಸಿಗೆ ಹೆಚ್ಚಿದ್ದರೆ ಆಲ್ಜಿನೇಟ್ (ಕಡಲಪಾಚಿಯಿಂದ ಮಾಡಿದ, ರಸಿಗೆ ಹೀರುವ) ಹಾಳೆಯನ್ನು ಹುಣ್ಣಿನ ಅಳತೆಗೇ ಕತ್ತರಿಸಿ ಇಟ್ಟು ಮೇಲೆ ತೆಳು ಫೋಮ್. ಕಡಿಮೆ ಇದ್ದರೆ ಫೋಮ್ ಒಂದೇ ಸಾಕು. ಎಷ್ಟು ದಿನಕ್ಕೆ ಬದಲಿಸಬೇಕು ಎಂಬುದನ್ನು ಅಂಚಿನ ಚರ್ಮ ಹೇಳುತ್ತದೆ. ಬಿಳಿಚಿ ನೆನೆದ ಬೆರಳಿನಂತೆ ಸುಕ್ಕುಗಟ್ಟಿದ್ದರೆ ಬದಲಾವಣೆ ತಡವಾಯಿತು. ಆಲ್ಜಿನೇಟ್ ಒಣಗಿ ಅಂಟಿಕೊಂಡಿದ್ದರೆ ಈ ಹುಣ್ಣಿಗೆ ಅದು ಬೇಕಿರಲಿಲ್ಲ.

ಜ್ವರ, ಕೆಂಪು 2 ಸೆಂ.ಮೀ. ದಾಟಿ ಹರಡುವುದು, ದುರ್ವಾಸನೆ, ಒತ್ತಿದರೆ ಚರ್ಮದಡಿ ಗುಳ್ಳೆ ಒಡೆದಂತೆ ಚಟಪಟ, ಅಥವಾ ಕಾರಣವಿಲ್ಲದೆ ಏರಿದ ಶುಗರ್: ಅದೇ ದಿನ ಆಸ್ಪತ್ರೆ. ನೋವು ಬರಲಿ ಎಂದು ಕಾಯಬೇಡಿ, ಈ ಕಾಲಿಗೆ ಅದು ಬರುವುದಿಲ್ಲ.

ಉತ್ತರ 6: ಹೆಜ್ಜೆಭಾರ

ಗಾಯದಾರಿ ಮೇಡಂ ತಿದ್ದಿದ್ದು ಸರಿ. ಸೋಂಕು ಹತೋಟಿಗೆ ಬರುವವರೆಗೆ ಮೊಣಕಾಲೆತ್ತರದ ವಾಕರ್ ಬೂಟನ್ನು ಬಿಚ್ಚುವಂತೆಯೇ ಇಡಿ, ದಿನಾ ಕಾಲು ನೋಡಬೇಕಲ್ಲ. ಬೂಟು ಮಂಚದ ಪಕ್ಕವೇ ಇರಲಿ, ರಾತ್ರಿ ಬಚ್ಚಲಿಗೂ ಅದೇ. ಸೋಂಕು ತಣಿದ ಮೇಲೆ ಬ್ಯಾಂಡೇಜ್ ಸುತ್ತಿ ಬಿಗಿ ಮಾಡಿದರಾಯಿತು.

ಮುಚ್ಚಿದ ದಿನವೇ ಹಳೆಯ ಚಪ್ಪಲಿಗೆ ಇಳಿಸಬೇಡಿ. ಮೇಲೆ ಬಂದಿರುವುದು ತೆಳು ಪೊರೆ. ಎರಡರಿಂದ ನಾಲ್ಕು ವಾರ ಬೂಟಿನಲ್ಲೇ ಇದ್ದು, ಅಷ್ಟರೊಳಗೆ ಅಚ್ಚು ತೆಗೆದು ಮಾಡಿಸಿದ ಪಾದರಕ್ಷೆ ಕೈಗೆ ಬಂದಿರಬೇಕು. ಮಾಯ್ದ ಹುಣ್ಣುಗಳಲ್ಲಿ ನೂರಕ್ಕೆ ಸುಮಾರು 40 ಒಂದು ವರ್ಷದೊಳಗೆ ಮರಳುತ್ತವೆ. ಚರ್ಮದ ಥರ್ಮಾಮೀಟರ್ ಒಂದಿದ್ದರೆ ದಿನಾ ಎರಡೂ ಪಾದದ ಅದೇ ಅದೇ ಜಾಗ ಅಳೆದು ಬರೆದಿಡಿ. ಎರಡು ದಿನ ಸತತ 2.2 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಚರ್ಮ ಒಡೆಯುವ ಮೊದಲೇ ನಡಿಗೆ ಕಡಿಮೆ ಮಾಡಿಸಿ, ಪಾದ ತೋರಿಸಿ.